ಧ್ವನಿ ಇಲ್ಲದ ಇಪ್ಪತ್ತೆರಡು ಮಕ್ಕಳು

ಜೂನ್ ೧೮

ಮಾನ್ಯ ಮೇಷ್ಟ್ರಿಗೆ ನಮಸ್ಕಾರ.

ನನ್ನ ಪರಿಚಯ ನಿಮಗಿಲ್ಲ. ಹೋದ ವರ್ಷ ನೀವು ನಿವೃತ್ತರಾಗಿ ಬಿಟ್ಟುಹೋದ ಸಂಗೀತದ ಕೋಣೆಯಲ್ಲಿ, ನೀವೇ ಕೂತು ಸವೆಸಿದ ಕುರ್ಚಿಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ. ಹೊಸ ಸಂಗೀತದ ಟೀಚರ್ ನಾನು. ವಿಳಾಸವನ್ನು ಹೆಡ್‌ಮೇಡಂ ಕೊಟ್ಟರು. "ಬರೀರಿ, ಆದ್ರೆ ಉತ್ತರ ಬಂದ್ರೆ ನನಗೂ ತೋರಿಸಿ. ಆ ಮನುಷ್ಯ ಮೂವತ್ತೊಂದು ವರ್ಷದಲ್ಲಿ ನನ್ನ ಹತ್ರ ಮೂವತ್ತೊಂದು ಮಾತೂ ಆಡಿಲ್ಲ" ಎಂದರು.

ಬೀರುವಿನಲ್ಲಿ ನಿಮ್ಮ ಹಾಜರಿ ಪುಸ್ತಕಗಳು ಸಿಕ್ಕವು. ಐದನೇ ತರಗತಿಯಲ್ಲಿ ಈಗ ನಲವತ್ತೊಂದು ಮಕ್ಕಳಿದ್ದಾರೆ. ಹೋದ ವರ್ಷ ನೀವು ಅವರಲ್ಲಿ ಇಪ್ಪತ್ತೆರಡು ಮಕ್ಕಳ ಹೆಸರಿನ ಮುಂದೆ "ಧ್ವನಿ ಇಲ್ಲ" ಎಂದು ಬರೆದಿದ್ದೀರಿ. ಹಿಂದಿನ ಪುಸ್ತಕಗಳಲ್ಲೂ ಅದೇ. ಆ ಮಕ್ಕಳೆಲ್ಲರ ಮನೆ ಒಂದೇ ಕಡೆ, ಶಾಲೆಯ ಎದುರಿನ ರೈಲ್ವೆ ಲೈನ್ ಮನೆಗಳಲ್ಲಿ. ಅಪ್ಪಂದಿರು ಶಾಲೆಯ ಮೈದಾನಕ್ಕೆ ತಗುಲಿದ ಹಳಿ ಯಾರ್ಡಿನ ಗ್ಯಾಂಗಿನವರು, ಹಳಿ ಎತ್ತಿ ಸಾಗಿಸುವ ಕೆಲಸ. ಒಂದು ಕೇರಿಯ ಮಕ್ಕಳಿಗೆಲ್ಲ ಧ್ವನಿ ಇಲ್ಲದೆ ಇರುವುದು ಹೇಗೆ ಮೇಷ್ಟ್ರೆ? ಸೊಟ್ಟ ಮೂಗು ವಂಶಪಾರಂಪರ್ಯವಾಗಿ ಬರುವುದನ್ನು ಕೇಳಿದ್ದೇನೆ, ಮೌನವನ್ನು ಕೇಳಿಲ್ಲ.

ನಾನೂ ಹಾಡಿಸಿ ನೋಡಿದೆ. ಅಂಗಡಿಯವರ, ಆಫೀಸಿನವರ ಮಕ್ಕಳು ಹಾಡುತ್ತಾರೆ. ಈ ಇಪ್ಪತ್ತೆರಡು ಜನ ಬಾಯಿಗೆ ಬೀಗ ಹಾಕಿಕೊಂಡು ಕೂರುತ್ತಾರೆ. ಜನವರಿಯಲ್ಲಿ ತಪಾಸಣೆ ಇದೆ. ಅರ್ಧಕ್ಕಿಂತ ಹೆಚ್ಚು ಮಕ್ಕಳು ಹಾಡದಿದ್ದರೆ ಈ ಶಾಲೆಯಲ್ಲಿ ಸಂಗೀತದ ಪಾಠವೇ ರದ್ದು, ಆ ಸಮಯ ಲೆಕ್ಕಕ್ಕೆ. ನನ್ನ ಕೆಲಸವೂ ಅದರ ಜೊತೆಗೇ ಹೋಗುತ್ತದೆ. ಇಲಾಖೆಯವರು ಆಧಾರವಾಗಿ ಇಟ್ಟುಕೊಂಡಿರುವುದು ನಿಮ್ಮ ಪುಸ್ತಕಗಳನ್ನೇ. ದಯವಿಟ್ಟು ಕಾರಣ ಗೊತ್ತಿದ್ದರೆ ತಿಳಿಸಿ.

ಅಂದ ಹಾಗೆ, ರೈಲ್ವೆ ಗೇಟು ಕಾಯುವವರೊಬ್ಬರು ನಿಮ್ಮನ್ನು ಕೇಳಿದರು. ಬಲಗೈಯಲ್ಲಿ ಹೆಬ್ಬೆರಳು, ಕಿರುಬೆರಳು ಎರಡೇ ಇವೆ. "ಮೇಷ್ಟ್ರು ಹೇಗಿದಾರೆ?" ಅಂದರು.

ನಿಮ್ಮ ಕುರ್ಚಿಯ ಹೊಸ ವಾರಸುದಾರಳು


ಜೂನ್ ೨೯

ಟೀಚರಮ್ಮನವರಿಗೆ,

ಪತ್ರ ಮುಟ್ಟಿತು. ನಿಮ್ಮ ಅಕ್ಷರ ಚೆನ್ನಾಗಿದೆ, ಪ್ರಶ್ನೆಗಳು ಜಾಸ್ತಿ. ನಾನು ಈಗ ತಂಗಿಯ ಮನೆಯಲ್ಲಿದ್ದೇನೆ. ನಿವೃತ್ತನಾದವನಿಗೆ ಮಾಡಲು ಕೆಲಸವಿರುವುದಿಲ್ಲ ಎಂದು ಯಾರು ಹೇಳಿದರೋ, ಅವರಿಗೆ ನನ್ನ ತಂಗಿಯಂಥ ತಂಗಿ ಇರಲಿಕ್ಕಿಲ್ಲ. ಬೆಳಿಗ್ಗೆಯಿಂದ ಎರಡು ಸಲ ಬೀರುವಿನ ಬಾಗಿಲಿಗೆ ಎಣ್ಣೆ ಬಿಟ್ಟಿದ್ದೇನೆ.

ನೀವು ಕೇಳಿದ್ದಕ್ಕೆ ಉತ್ತರ ಇಷ್ಟೇ: ಆ ಮಕ್ಕಳನ್ನು ಬಿಟ್ಟುಬಿಡಿ. ಕೆಲವರಿಗೆ ಧ್ವನಿ ಇರುತ್ತದೆ, ಕೆಲವರಿಗೆ ಇರುವುದಿಲ್ಲ. ಹಿಂದಿನ ಬೆಂಚಿನಲ್ಲಿ ಕೂರಿಸಿ, ತಾಳ ಹಾಕಲು ಹೇಳಿ. ಒಳ್ಳೆಯ ತಾಳ ಹಾಕುತ್ತಾರೆ. ತಪಾಸಣೆಗೆ ಹಾಡುವ ಹತ್ತೊಂಬತ್ತು ಜನರ ಜೊತೆ ಪಕ್ಕದ ತರಗತಿಯಿಂದ ಒಂದು ಹತ್ತು ಜನರನ್ನು ತಂದು ನಿಲ್ಲಿಸಿದರೆ ಕೇಳುವವರು ಯಾರು? ತಪಾಸಣೆಗೆ ಬರುವವರಿಗೆ ಊಟದ ಮೇಲೆ ಇರುವ ಗಮನ ಹಾಡಿನ ಮೇಲಿರುವುದಿಲ್ಲ.

ಹಾರ್ಮೋನಿಯಂನ ಎಡಗಡೆಯಿಂದ ಮೂರನೇ ಮನೆ ಒತ್ತಿದರೆ ಅಂಟಿಕೊಳ್ಳುತ್ತದೆ. ಮೇಣ ಹಚ್ಚಿ.

ಹಳೆಯ ಮೇಷ್ಟ್ರು


ಜುಲೈ ೨೦

ಮೇಷ್ಟ್ರೆ,

ಮೇಣ ಹಚ್ಚಿದೆ, ಮನೆ ಸರಿಯಾಯಿತು. ಆದರೆ ಪಕ್ಕದ ತರಗತಿಯಿಂದ ಮಕ್ಕಳನ್ನು ಸಾಲ ತರುವ ಉಪಾಯ ನನಗೆ ಒಗ್ಗಲಿಲ್ಲ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಹಾಡಿಸಲಾರದವಳು ಮಕ್ಕಳನ್ನೇ ಬದಲಾಯಿಸಿದಳು ಅನ್ನಿಸಿಕೊಳ್ಳುವುದು ಬೇಡ.

ಹೋದ ವಾರ ಒಂದು ಸಂಗತಿ ನಡೆಯಿತು. ಗೋಡೆಗೆ ಗೆದ್ದಲು ಬಂದು ಪುಸ್ತಕದ ಬೀರುವನ್ನು ಸರಿಸಬೇಕಾಯಿತು. ನಾನೂ ಜವಾನನೂ ತಳ್ಳಿದೆವು, ಜಪ್ಪಯ್ಯ ಅಂದರೂ ಅದು ಅಲುಗಲಿಲ್ಲ. ಆಗ ಹಿಂದಿನ ಬೆಂಚಿನಿಂದ ಆರು ಜನ ಎದ್ದು ಬಂದರು. ಮುಂದೆ ಒಬ್ಬಳು, ಕಡ್ಡಿ ಅಂತ ಅಡ್ಡಹೆಸರು, ಹೆಸರಿಗೆ ತಕ್ಕ ಹಾಗೇ ಇದ್ದಾಳೆ. ಎಲ್ಲರೂ ಬಗ್ಗಿ ಹಿಡಿದರು. ಕಡ್ಡಿ ಮೂಗಿನಿಂದ ಉಸಿರು ಬಿಟ್ಟಳು, ಅಷ್ಟೇ. ಬೀರು ಎದ್ದಿತು ಮೇಷ್ಟ್ರೆ. ಆರು ಜನರೂ ಒಂದೇ ಕ್ಷಣಕ್ಕೆ ಎತ್ತಿದ್ದರು. ಇಷ್ಟು ಚೆನ್ನಾಗಿ ಒಟ್ಟಿಗೆ ಉಸಿರಾಡುವವರಿಗೆ ಧ್ವನಿ ಇಲ್ಲ ಎಂದರೆ ನಾನು ನಂಬಬೇಕೇ? "ಎಲ್ಲಿ ಕಲಿತ್ರೇ?" ಅಂದರೆ ಮುಖ ಮುಖ ನೋಡಿಕೊಂಡು ನಕ್ಕರು.

ಯಾರ್ಡಿನ ಗ್ಯಾಂಗಿನವರು ಕೆಲಸ ಮಾಡುವಾಗ ಏನೋ ಹಾಡುತ್ತಾರಂತೆ, ನಿಮಗೆ ಗೊತ್ತೇ? ರಜೆ ಬಂದ ದಿನ ಹೋಗಿ ಕೇಳಬೇಕೆಂದಿದ್ದೇನೆ.

ಗೇಟಿನವರ ಬಗ್ಗೆ ನೀವು ಏನೂ ಬರೆಯಲಿಲ್ಲ. ಅವರು ದಿನವೂ ಕೇಳುತ್ತಾರೆ, "ಕಾಗದ ಬಂತಾ?" ಅಂತ. ಏನು ಹೇಳಲಿ?


ಆಗಸ್ಟ್ ೪

ಟೀಚರಮ್ಮ,

ನೀವು ಯಾರ್ಡಿಗೆ ಹೋಗುವುದು ಸರಿಯಲ್ಲ. ಅದು ಕೆಲಸದ ಜಾಗ, ಕಬ್ಬಿಣದ ಜಾಗ. ಹುತ್ತ ಕಂಡಲ್ಲೆಲ್ಲ ಕೈ ಹಾಕಬಾರದು.

ನಿಮಗೆ ಕಲಿಸಲು ಪಠ್ಯಪುಸ್ತಕವಿದೆ. ಅದರಲ್ಲಿ ಹದಿನೆಂಟು ಹಾಡುಗಳಿವೆ. ಅವು ಸಾಲದೇ?

ಮೇಷ್ಟ್ರು


ಸೆಪ್ಟೆಂಬರ್ ೨

ಮೇಷ್ಟ್ರೆ, ಸಾಲದು!

ಬೈದುಕೊಳ್ಳಿ, ಹೋಗಿ ಬಂದೆ. ಯಾರ್ಡಿನ ಬೇಲಿಯ ಹೊರಗೇ ನಿಂತಿದ್ದೆ. ಹದಿನಾರು ಜನ, ಇಬ್ಬರಿಗೊಂದು ದೊಡ್ಡ ಇಕ್ಕಳ. ಇಕ್ಕಳದಲ್ಲಿ ಹಳಿಯನ್ನು ಕಚ್ಚಿಸಿ ಎತ್ತಿ ವ್ಯಾಗನ್ನಿಗೆ ಏರಿಸಬೇಕು. ಗ್ಯಾಂಗಿನ ಮುಂದಾಳಿಗೆ ಮೇಟ್ ಅನ್ನುತ್ತಾರೆ, ಅವರು ನಮ್ಮ ಕಡ್ಡಿಯ ಅಪ್ಪ. ಅವರು ಕರೆ ಕೊಡುತ್ತಾರೆ, ಉಳಿದವರು ಓಗೊಡುತ್ತಾರೆ.

ಯಾರ ಭಾರ? / ಎಲ್ಲರ ಭಾರ! / ಎಲ್ಲಿ ಭಾರ? / ಕೈಯ ಭಾರ! / ಏಳ್... ಏಳ್... ಏಳೋ!

ಮೂರನೆಯ "ಏಳೋ" ಅನ್ನುವಾಗ ಹಳಿ ಮೇಲೇಳುತ್ತದೆ. ನನ್ನ ಮೈ ಜುಮ್ಮೆಂದಿತು. ಹದಿನೆಂಟು ಹಾಡಿನ ಆ ಪುಸ್ತಕ ಓದಿ ಒಮ್ಮೆಯೂ ಹಾಗಾಗಿಲ್ಲ.

ಮಾರನೇ ದಿನ ತರಗತಿಯಲ್ಲಿ ಅದನ್ನು ಬೋರ್ಡಿನ ಮೇಲೆ ಬರೆದೆ. ಇಪ್ಪತ್ತೆರಡು ಜನರೂ ಕಣ್ಣರಳಿಸಿದರು. ಹಾಡಿ ಅಂದೆ. ಕಡ್ಡಿ, "ಭಾರ ಇಲ್ದೆ ಕರೆ ಬರಲ್ಲ ಟೀಚರ್" ಅಂದಳು. ಸರಿ, ಬೀರುವನ್ನೇ ಭಾರ ಮಾಡಿದೆವು. ಮೊದಲು ಅವರೇ ಎದ್ದು ಎಂಟು ಕಿಟಕಿಗಳನ್ನೂ ಮುಚ್ಚಿದರು. ಸೆಕೆಯಲ್ಲಿ ಬೆಂದುಹೋದೆವು. ಪಾಪ, ನಾಚಿಕೆ. ತಮ್ಮ ಮನೆಯ ಹಾಡು ಶಾಲೆಗೆ ತಕ್ಕದ್ದಲ್ಲ ಎಂದು ಯಾರೋ ತಲೆಗೆ ತುಂಬಿರಬೇಕು (ನಿಮ್ಮನ್ನು ಅನ್ನುತ್ತಿಲ್ಲ). ಆಮೇಲೆ ಕಡ್ಡಿ ಕರೆದಳು. ಉಳಿದವರು ಓಗೊಟ್ಟರು. ಧ್ವನಿ ಇಲ್ಲವಂತೆ! ಹಾಡುವ ಹತ್ತೊಂಬತ್ತು ಜನ ಬಾಯಿ ಬಿಟ್ಟುಕೊಂಡು ಕೂತಿದ್ದರು. ಈಗ ಬೀರು ಕೋಣೆಯನ್ನು ನಾಲ್ಕು ಸುತ್ತು ಹಾಕಿ ಆಗಿದೆ, ಹೆಡ್‌ಮೇಡಂ ನೆಲದ ಗೆರೆಗಳನ್ನು ನೋಡಿ ಏನೂ ಕೇಳದೆ ಹೋದರು.

ಅವರ ನಾಚಿಕೆ ಬಿಡಿಸಬೇಕು. ಈ ತಿಂಗಳ ಇಪ್ಪತ್ತಕ್ಕೆ ಅವರನ್ನು ಹೊರಗೆ ಮೈದಾನಕ್ಕೆ, ಯಾರ್ಡಿನ ಬೇಲಿಯ ಹತ್ತಿರವೇ ಕರೆದುಕೊಂಡು ಹೋಗಿ ಹಾಡಿಸುತ್ತೇನೆ. ಅಪ್ಪಂದಿರೂ ಕೇಳಲಿ.


ಸೆಪ್ಟೆಂಬರ್ ೧೨

ಟೀಚರಮ್ಮ,

ಮಕ್ಕಳನ್ನು ಬಯಲಲ್ಲಿ ಹಾಡಿಸಬೇಡಿ. ಈಗ ಬೀಸುವ ಗಾಳಿಗೆ ಎಳೆಯ ಗಂಟಲು ಕೆಡುತ್ತದೆ. ಕಿಟಕಿ ಮುಚ್ಚಿಯೇ ಇರಲಿ. ಧೂಳೂ ಬರುತ್ತದೆ.

ಇನ್ನೊಂದು ಮಾತು. ನೀವು ಬರೆದುಕೊಂಡಿರುವುದು ತಪ್ಪು. ಮೂರನೆಯ "ಏಳೋ" ಮೇಲೆ ಯಾರೂ ಎತ್ತುವುದಿಲ್ಲ. ಅದಾದ ಮೇಲೆ ಒಂದು ಉಸಿರಿನಷ್ಟು ಖಾಲಿ ಬಿಡುತ್ತಾರೆ. ಎತ್ತುವುದು ಆ ಖಾಲಿಯಲ್ಲಿ.

ದಯವಿಟ್ಟು ಬಯಲಲ್ಲಿ ಬೇಡ.

ಮೇಷ್ಟ್ರು


ಸೆಪ್ಟೆಂಬರ್ ೨೧

ಮೇಷ್ಟ್ರೆ,

ನಿಮ್ಮ ಪತ್ರ ಹದಿನೆಂಟಕ್ಕೇ ಬಂದಿತ್ತು. ಓದಿ ನಕ್ಕೆ. ಮೂವತ್ತೊಂದು ವರ್ಷ ಇವರಿಂದ ಆಗದ್ದು ಮೂರು ತಿಂಗಳಲ್ಲಿ ನನ್ನಿಂದ ಆಯಿತು, ಮುದುಕರಿಗೆ ಹೊಟ್ಟೆಕಿಚ್ಚು ಅಂದುಕೊಂಡೆ. ಗಾಳಿಯಂತೆ, ಧೂಳಂತೆ! ನೀವು ತಿದ್ದಿದ್ದನ್ನೂ ಬೇಕೆಂದೇ ಬಿಟ್ಟೆ.

ನಿನ್ನೆ ಅವರನ್ನು ಹೊರಗೆ ಕರೆದುಕೊಂಡು ಹೋದೆ. ಬೇಲಿಯ ಆಚೆ ಗ್ಯಾಂಗಿನವರು ಹಳಿಗೆ ಇಕ್ಕಳ ಕಚ್ಚಿಸಿಕೊಂಡು ಬಗ್ಗಿ ನಿಂತಿದ್ದರು. ಮೇಟ್ ವ್ಯಾಗನ್ನಿನ ಕಡೆ ತಿರುಗಿ ಯಾರ ಹತ್ತಿರವೋ ಮಾತಾಡುತ್ತಿದ್ದರು. ನಾನು ಹಾಡಿ ಅಂದೆ. ಒಬ್ಬರೂ ತುಟಿ ಬಿಚ್ಚಲಿಲ್ಲ. ಕಡ್ಡಿ ನನ್ನ ಸೀರೆಯ ಸೆರಗು ಹಿಡಿದು ಎಳೆಯುತ್ತಿದ್ದಳು. ನಾಚಿಕೆ ಅಂದುಕೊಂಡೆ. ಧೈರ್ಯ ಬರಲಿ ಎಂದು ನಾನೇ ಗಟ್ಟಿಯಾಗಿ ಕರೆದೆ, "ಯಾರ ಭಾರ?"

ಮಕ್ಕಳು ಓಗೊಡಲಿಲ್ಲ. ಬೇಲಿಯ ಆಚೆಯಿಂದ ಉತ್ತರ ಬಂತು, "ಎಲ್ಲರ ಭಾರ!"

ನನಗೆ ಖುಷಿಯಾಯಿತು ಮೇಷ್ಟ್ರೆ. ಅದನ್ನು ನಿಮಗೆ ಹೇಳಲೇಬೇಕು, ಖುಷಿಯಾಯಿತು. ಅಪ್ಪಂದಿರೂ ಸೇರಿಕೊಂಡರು ಅಂದುಕೊಂಡು ಮುಂದುವರಿಸಿದೆ. ಮೂರನೆಯ "ಏಳೋ"ವನ್ನು ಒತ್ತಿ ಹೇಳುತ್ತಿದ್ದ ಹಾಗೆ ಕಡ್ಡಿ ಹಾರಿ ನನ್ನ ಬಾಯಿಯ ಮೇಲೆ ಎರಡೂ ಕೈ ಇಟ್ಟಳು. ಅಷ್ಟರಲ್ಲಿ ಅರ್ಧ ಜನ ಎತ್ತಿದ್ದರು, ಅರ್ಧ ಜನ ಆ ಖಾಲಿ ಉಸಿರಿಗೆ ಕಾಯುತ್ತಿದ್ದರು. ಹಳಿಯ ಒಂದು ತುದಿ ಎದ್ದು, ವಾಲಿ, ಬಿತ್ತು. ಕಡ್ಡಿಯ ಅಪ್ಪನ ಕಾಲಿನಿಂದ ನಾಲ್ಕು ಬೆರಳು ದೂರ.

ಅವರು ಕೂಗಾಡಲಿಲ್ಲ. ಬೇಲಿಯ ಹತ್ತಿರ ಬಂದು ಮಗಳನ್ನು ನೋಡಿದರು, ನನ್ನನ್ನು ನೋಡಿದರು. "ಬಗ್ಗಿದಾಗ ನಮ್ಗೆ ಕಬ್ಬಿಣ ಬಿಟ್ಟು ಏನೂ ಕಾಣ್ಸಲ್ಲ ಟೀಚರ್. ಕಿವಿ ಹೇಳಿದಂಗೆ ಕೈ ಕೇಳುತ್ತೆ" ಅಂದರು, ಹೋದರು.

ಕಡ್ಡಿ ಸಂಜೆ ಎಲ್ಲ ಹೇಳಿದಳು. ಅಂಗಡಿಯವರ ಮಕ್ಕಳು ಹಾರ್ಮೋನಿಯಂ ಜೊತೆ ಹಾಡಿದರೆ ಗ್ಯಾಂಗಿನವರಿಗೆ ಅದು ಕಾಗೆ ಕೂಗಿದ ಹಾಗೆ, ಲೆಕ್ಕಕ್ಕಿಲ್ಲ. ಆದರೆ ತಮ್ಮ ಮಕ್ಕಳ ಧ್ವನಿ ಕೇಳಿದರೆ ಭಾರ ಹೊತ್ತವನ ಕಿವಿ ಅತ್ತ ಹೋಗುತ್ತದೆ. ಅದಕ್ಕೇ ಮಾತು ಬರುವ ಮೊದಲೇ ತಾಯಂದಿರು ಕಲಿಸುತ್ತಾರೆ, ಯಾರ್ಡಿಗೆ ಕೇಳುವ ಕಡೆ ಹಾಡಬಾರದು. "ಮೊದ್ಲೇ ಯಾಕೆ ಹೇಳ್ಲಿಲ್ವೇ?" ಅಂದೆ. "ನೀವು ಹಾಡಿ ಅಂದ್ರಿ. ಯಾಕೆ ಹಾಡಲ್ಲ ಅಂತ ಕೇಳ್ಲೇ ಇಲ್ವಲ್ಲ ಟೀಚರ್" ಅಂದಳು.

ನಿಜ. ಎರಡು ದಿನದ ಪ್ರಯಾಣದಷ್ಟು ದೂರದಲ್ಲಿರುವ ನಿಮ್ಮನ್ನು ಮೂರು ತಿಂಗಳಿಂದ ಕೇಳುತ್ತಿದ್ದೇನೆ. ಎದುರಿಗೆ ಕೂತವಳನ್ನು ಕೇಳಲಿಲ್ಲ. ಅದು ನನ್ನ ತಪ್ಪು.

ಆದರೆ ಆ ಖಾಲಿ ಉಸಿರು ನಿಮಗೆ ಹೇಗೆ ಗೊತ್ತು? ಬೇಲಿಯ ಹೊರಗೆ ನಿಂತು ಕೇಳಿದವರಿಗೆ ಅದು ತಿಳಿಯುವುದಿಲ್ಲ. ಗೇಟಿನವರನ್ನು ಅವರ ಬೆರಳಿಗೆ ಏನಾಯಿತೆಂದು ಕೇಳಿದೆ. "ಮೇಷ್ಟ್ರನ್ನೇ ಕೇಳಿ" ಅಂದರು. ಕೇಳುತ್ತಿದ್ದೇನೆ.


ಅಕ್ಟೋಬರ್ ೧೦

ಮೇಷ್ಟ್ರೆ,

ಉತ್ತರವಿಲ್ಲ. ಇಪ್ಪತ್ತೆರಡು ಜನರೂ ಸಂಗೀತದ ಪಾಠದ ಹೊತ್ತಿಗೆ ಹೊರಗೆ ಮೆಟ್ಟಿಲ ಮೇಲೆ ಕೂರುತ್ತಾರೆ. ಮನೆಯಲ್ಲಿ ಹಾಗೆ ಹೇಳಿ ಕಳಿಸಿದ್ದಾರೆ. ಕಡ್ಡಿ ಮಾತ್ರ ಬಾಗಿಲ ಕಡೆ ಮುಖ ಮಾಡಿ ಕೂರುತ್ತಾಳೆ.

ನಿಮ್ಮ ಮೌನವೂ ಪುಸ್ತಕದಲ್ಲಿ ಬರೆದುಕೊಳ್ಳುವಂಥದ್ದೇ?


ಅಕ್ಟೋಬರ್ ೩೦

ಅಮ್ಮಾ,

ಮೂರು ಸಲ ಬರೆದು ಹರಿದೆ. ತಂಗಿ ಕಸದ ಬುಟ್ಟಿ ನೋಡಿ, "ಯಾರಿಗೋ ಇಷ್ಟೊಂದು ಬರೀತಿದೀಯ, ಈ ವಯಸ್ಸಲ್ಲಿ" ಅಂದಳು. ನಗು ಬರಲಿಲ್ಲ.

ಆಗ ನನಗೆ ಇಪ್ಪತ್ತಾರು. ನೀವು ನೋಡಿದ್ದನ್ನೇ ನಾನೂ ನೋಡಿದೆ, ನೀವು ಅಂದುಕೊಂಡದ್ದನ್ನೇ ಅಂದುಕೊಂಡೆ. ವ್ಯತ್ಯಾಸವಿಷ್ಟೇ, ನಾನು ಬೇಲಿಯ ಹೊರಗೆ ನಿಲ್ಲಲಿಲ್ಲ. ಗ್ಯಾಂಗಿನವರ ಜೊತೆ ಚಹಾ ಕುಡಿದೆ, ಇಕ್ಕಳ ಹಿಡಿದು ನೋಡಿದೆ, ಆ ಖಾಲಿ ಉಸಿರನ್ನು ಕಲಿತೆ. ಮಕ್ಕಳಿಗೆ ಅವರದೇ ಕರೆಯನ್ನು ತಿದ್ದಿ ತಿದ್ದಿ ಹೇಳಿಕೊಟ್ಟೆ. ಅವರು ಬೇಡವೆಂದರು. ಹಟ ಮಾಡಿದೆ. ಮೇಷ್ಟ್ರ ಮಾತು ಮೀರಲಾರದೆ ಹಾಡಿದರು. ಮೈದಾನದಲ್ಲಿ ಹದಿನೆಂಟು ಮಕ್ಕಳು, ಗಟ್ಟಿ ಧ್ವನಿ, ಒಂದು ಕೂದಲೆಳೆಯಷ್ಟೂ ತಪ್ಪಿಲ್ಲ. ಗ್ಯಾಂಗಿನವರು ಎತ್ತಿಬಿಟ್ಟರು. ಆಗಿನ ಮೇಟ್ ಗಾಬರಿಯಾಗಿ "ಬಿಡೀ!" ಎಂದು ಕೂಗಿದ. ಬಿಟ್ಟರು. ಹಳಿಯ ಕೆಳಗೆ ಮರದ ತುಂಡು ಸರಿಸುತ್ತಿದ್ದವನ ಕೈ ಅಲ್ಲೇ ಇತ್ತು. ಅವನೇ ಈಗ ಗೇಟು ಕಾಯುವವನು.

ಇಷ್ಟಾಗಿದ್ದರೆ ಅದನ್ನು ತಪ್ಪು ಅನ್ನಬಹುದಿತ್ತು. ಮಾರನೇ ದಿನ ವಿಚಾರಣೆಯವರು ಶಾಲೆಗೆ ಬಂದರು. "ಈ ಕಡೆಯಿಂದ ಮಕ್ಕಳ ಹಾಡು ಕೇಳಿಸಿತಂತೆ, ಹೌದಾ?" ಎಂದರು. ನಾನು ಕೆಲಸಕ್ಕೆ ಸೇರಿ ಎಂಟು ತಿಂಗಳಾಗಿತ್ತು. "ಇಲ್ಲ ಸಾರ್, ಆ ಮಕ್ಕಳಿಗೆ ಧ್ವನಿಯೇ ಇಲ್ಲ" ಅಂದೆ. ಪುಸ್ತಕ ತೋರಿಸಿ ಅಂದರು. ಅವರು ಚಹಾ ಕುಡಿಯುತ್ತಿರುವಾಗ ಒಳಗೆ ಹೋಗಿ ಹದಿನೆಂಟು ಹೆಸರಿನ ಮುಂದೆ ಅದನ್ನೇ ಬರೆದುಕೊಂಡು ಬಂದೆ. ಶಾಯಿ ಆರಿರಲಿಲ್ಲ, ಅವರು ನೋಡಲಿಲ್ಲ. ವರದಿಯಲ್ಲಿ "ಕೆಲಸಗಾರನ ಅಜಾಗರೂಕತೆ" ಎಂದಾಯಿತು. ಅವನನ್ನು ಗ್ಯಾಂಗಿನಿಂದ ತೆಗೆದು ಗೇಟಿಗೆ ಹಾಕಿದರು.

ಒಂದು ವರ್ಷ ಬರೆದದ್ದನ್ನು ಮುಂದಿನ ವರ್ಷ ಬರೆಯದಿದ್ದರೆ ಹೇಗೆ? ಮೂವತ್ತೊಂದು ವರ್ಷ ಬರೆದೆ. ಮಕ್ಕಳ ಒಳ್ಳೆಯದಕ್ಕೇ, ಯಾರೂ ಅವರನ್ನು ಹಾಡಿ ಅನ್ನದೆ ಇರಲಿ ಎಂದೇ ಬರೆಯುತ್ತಿದ್ದೇನೆ ಅಂದುಕೊಳ್ಳುತ್ತಿದ್ದೆ. ನಿಮಗೆ ಗಾಳಿ, ಧೂಳು ಎಂದು ಬರೆದ ದಿನ ಗೊತ್ತಾಯಿತು, ಯಾರ ಒಳ್ಳೆಯದಕ್ಕೆ ಎಂದು. ನಿಮಗೆ ನಿಜ ಬರೆದಿದ್ದರೆ ಈ ಸಲದ ಹಳಿ ಬೀಳುತ್ತಿರಲಿಲ್ಲ.

ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಬೇಕಾದವರು ಬೇರೆ ಇದ್ದಾರೆ. ದಿನಾ ಗೇಟು ದಾಟಿ ಶಾಲೆಗೆ ಹೋಗುತ್ತಿದ್ದೆ ಅಮ್ಮಾ. ಅವನು ದಿನಾ ಎಡಗೈ ಎತ್ತಿ ನಮಸ್ಕಾರ ಮಾಡುತ್ತಿದ್ದ. ನಾನು ಗಡಿಯಾರ ನೋಡಿಕೊಂಡು ಹೋಗುತ್ತಿದ್ದೆ.


ನವೆಂಬರ್ ೨೨

ಮೇಷ್ಟ್ರೆ,

ನಿಮ್ಮ ಪತ್ರ ಓದಿ ಎರಡು ದಿನ ಕೋಪ, ಮೂರನೇ ದಿನ ಅಳು. ಕೋಪ ಇನ್ನೂ ಇದೆ. ಆದರೆ ನಾನೂ ಸೆರಗು ಎಳೆದವಳ ಮಾತು ಕೇಳದೆ ಕರೆದವಳೇ. ನಾಲ್ಕು ಬೆರಳಿನ ಅಂತರ ಉಳಿಯದೆ ಹೋಗಿ, ವಿಚಾರಣೆಯವರು ಬಂದಿದ್ದರೆ ನಾನು ಏನು ಹೇಳುತ್ತಿದ್ದೆನೋ. ಅದನ್ನು ಯೋಚಿಸಲು ಭಯವಾಗುತ್ತದೆ.

ಈಗ ಇಲ್ಲಿಯ ಸುದ್ದಿ. ಲೈನ್ ಮನೆಗಳಿಗೆ ಹೋಗಿದ್ದೆ, ತಪ್ಪೊಪ್ಪಿಕೊಳ್ಳಲು. ಕಡ್ಡಿಯ ಅಮ್ಮ ಬಾಗಿಲಲ್ಲೇ ನಿಲ್ಲಿಸಿ ಮಾತಾಡಿದರು, ಕೂರಿ ಅನ್ನಲಿಲ್ಲ. ನಾನೂ ಈ ಸಲ ಮಕ್ಕಳನ್ನು ಹಾಡಿಸುವ ಮಾತೆತ್ತದೆ ಒಂದನ್ನಷ್ಟೇ ಕೇಳಿದೆ, ನೀವು ಯಾವಾಗ ಹಾಡ್ತೀರಿ ಅಂತ. ಆಕೆ ನನ್ನನ್ನು ವಿಚಿತ್ರವಾಗಿ ನೋಡಿ, "ಊಟದ ಹೊತ್ತಲ್ಲಿ. ಆಗ ಕಬ್ಬಿಣ ನೆಲದ ಮೇಲಿರುತ್ತೆ" ಅಂದರು. ಊಟ ಬಡಿಸುತ್ತಾ ಹಾಡುತ್ತಾರಂತೆ, ಗಂಡಸರು ಮಲಗಿಕೊಂಡು ಕೇಳುತ್ತಾರಂತೆ. ಒಂದಲ್ಲ, ಮೂವತ್ತು ನಲವತ್ತು ಹಾಡುಗಳಂತೆ ಮೇಷ್ಟ್ರೆ! ನಾವಿಬ್ಬರೂ ಆ ಒಂದು ಕರೆಯ ಹಿಂದೆ ಬಿದ್ದಿದ್ದೆವು. ಕರೆಯನ್ನು ಅವರು ಹಾಡು ಅನ್ನುವುದೇ ಇಲ್ಲ. "ಅದು ಹಾಡಲ್ಲ, ಉಪಕರಣ" ಅಂದರು ಮೇಟ್. "ಇಕ್ಕಳ ಇಟ್ಕೊಂಡು ಮಕ್ಕಳು ಆಟ ಆಡ್ತಾರಾ?"

ಕೊನೆಗೆ ಅವರೇ ದಾರಿ ಹೇಳಿದರು. ಯಾರ್ಡಿನ ಮೂಲೆಯಲ್ಲಿ, ನಮ್ಮ ಕಿಟಕಿಗೆ ಕಾಣುವ ಹಾಗೆ ಒಂದು ಕೆಂಪು ಬಾವುಟ. ಭಾರ ಕೈಯಲ್ಲಿರುವವರೆಗೂ ಅದು ಮೇಲಿರುತ್ತದೆ. ಇಳಿದ ಮೇಲೆ ಹಾಡಬಹುದು. ಕರೆ ಮಾತ್ರ ಎಂದಿಗೂ ಇಲ್ಲ. ಹನ್ನೆರಡೂವರೆಗೆ ಇಳಿಯುತ್ತದೆ. ಆದರೆ ನಮ್ಮ ಪಾಠ ಇರುವುದು ಹನ್ನೊಂದಕ್ಕೆ. ಹೆಡ್‌ಮೇಡಂ ಮುಂದೆ ನಿಂತೆ. "ಶಾಲೆ ಗಂಟೆ ಹೊಡೆಯೋದು ನಾನಾ, ಗ್ಯಾಂಗಿನವರಾ?" ಅಂದರು. ಆಮೇಲೆ ವೇಳಾಪಟ್ಟಿ ತೆಗೆದು, ರಬ್ಬರು ಹುಡುಕಿ, "ನನ್ನ ಟೀ ಹೊತ್ತು ಹಾಳು ಮಾಡಿದ್ರಿ" ಎನ್ನುತ್ತಾ ಅಳಿಸಿದರು.

ಮಕ್ಕಳು ಮೆಟ್ಟಿಲಿಂದ ಒಳಗೆ ಬಂದಿದ್ದಾರೆ. ಕಿಟಕಿಗಳು ತೆರೆದಿವೆ. ನಿನ್ನೆ ಅಂಗಡಿಯವರ ಮಕ್ಕಳು ಕಡ್ಡಿಯಿಂದ ಒಂದು ಹಾಡು ಕಲಿತರು, ಬಡಿಸಿದ್ದು ಸಾಲಲಿಲ್ಲ ಎಂದು ಗಂಡ ಹೆಂಡತಿಯನ್ನು ರೇಗಿಸುವ ಹಾಡು. ಎಲ್ಲರೂ ಬಿದ್ದು ಬಿದ್ದು ನಕ್ಕರು.

ಗೇಟಿನವರಿಗೆ, ಕಾಗದ ಬಂತು ಎಂದಷ್ಟೇ ಹೇಳಿದ್ದೇನೆ. ಉಳಿದದ್ದು ನಾನು ಹೇಳುವ ಮಾತಲ್ಲ.


ಜನವರಿ ೧೮

ಮೇಷ್ಟ್ರೆ,

ತಪಾಸಣೆ ಮುಗಿಯಿತು. ಹನ್ನೆರಡೂವರೆಗೆ ಬನ್ನಿ ಎಂದು ಬರೆದಿದ್ದೆವು, ಅಧಿಕಾರಿ ಹನ್ನೊಂದಕ್ಕೇ ಬಂದರು. ಹೊರಗೆ ಕಾರು ನಿಂತೇ ಇತ್ತು, ಇನ್ನೆರಡು ಶಾಲೆ ಇವೆಯಂತೆ. "ಹಾಡಿಸಿ" ಅಂದರು. ಬಾವುಟ ಮೇಲಿತ್ತು.

ಹತ್ತೊಂಬತ್ತು ಜನ ಹಾಡಬಹುದಿತ್ತು. ಅವರು ಕಡ್ಡಿಯ ಕಡೆ ನೋಡಿ ಸುಮ್ಮನೆ ಕೂತರು. ನಾನು ಹೇಳಿಕೊಟ್ಟದ್ದಲ್ಲ ಅದು. ಕಡ್ಡಿ ಎದ್ದು ನಿಂತು, "ಈಗ ಆಗಲ್ಲ ಸಾರ್. ಅಪ್ಪನ ಕೈಯಲ್ಲಿ ಭಾರ ಇದೆ" ಅಂದಳು. ಅಧಿಕಾರಿ ನನ್ನ ಮುಖ ನೋಡಿದರು. ಒಂದು ಮಾತು ಸಾಕಿತ್ತು ಮೇಷ್ಟ್ರೆ, ಕಿಟಕಿ ಮುಚ್ಚಿ ಮೆಲ್ಲಗೆ ಹಾಡಿ ಅಂದಿದ್ದರೆ ಬಹುಶಃ ಹಾಡುತ್ತಿದ್ದರು. "ಅವಳು ಹೇಳಿದ್ದು ಸರಿ ಸಾರ್. ಹಾಡೋದಿಲ್ಲ" ಅಂದೆ.

"ಹಳೆ ಪುಸ್ತಕದಲ್ಲಿ ಇರೋದೂ ಇದೇ ಅಲ್ವಾ" ಎಂದು ಬರೆದುಕೊಂಡು ಹೋದರು. ನಲವತ್ತೊಂದಕ್ಕೆ ನಲವತ್ತೊಂದು, ಧ್ವನಿ ಇಲ್ಲ. ಮಾರ್ಚ್ ಕೊನೆಗೆ ಪಾಠ ರದ್ದು. ನಾನು ಬೇರೆ ಕೆಲಸ ಹುಡುಕಬೇಕು. ಬೇಜಾರಿದೆ, ತುಂಬಾ ಇದೆ, ಪಶ್ಚಾತ್ತಾಪವಿಲ್ಲ.


ಜನವರಿ ೩೦

ಅಮ್ಮಾ,

ಇದರ ಜೊತೆಗಿರುವುದು ಇಲಾಖೆಗೆ ನಾನು ಇಂದು ಕಳಿಸಿದ ಪತ್ರದ ನಕಲು. ಓದಿಕೊಳ್ಳಿ.

"ಮೂವತ್ತೊಂದು ವರ್ಷಗಳ ಹಾಜರಿ ಪುಸ್ತಕಗಳಲ್ಲಿ ನಾನು ‘ಧ್ವನಿ ಇಲ್ಲ’ ಎಂದು ಬರೆದಿರುವುದೆಲ್ಲ ಸುಳ್ಳು. ಮೊದಲ ಸಲ ಬರೆದದ್ದು ವಿಚಾರಣೆಯಿಂದ ತಪ್ಪಿಸಿಕೊಳ್ಳಲು. ಅಂದಿನ ಅಪಘಾತಕ್ಕೆ ಕಾರಣ ಕೆಲಸಗಾರನಲ್ಲ, ನಾನು. ಈ ಪತ್ರದ ಒಂದು ಪ್ರತಿಯನ್ನು ರೈಲ್ವೆಗೂ ಕಳಿಸಿದ್ದೇನೆ. ಆ ಮಕ್ಕಳ ಹಾಡು ಕೇಳಬೇಕಿದ್ದರೆ ಅವರು ಹೇಳಿದ ಹೊತ್ತಿಗೆ ಹೋಗಿ. ನನ್ನ ಮೇಲೆ ಕ್ರಮ ಕೈಗೊಳ್ಳುವುದಾದರೆ ವಿಳಾಸ ಕೆಳಗಿದೆ."

ತಂಗಿಗೆ ಓದಿ ಹೇಳಿದೆ. ಅವಳು ಎದ್ದು ಚಪ್ಪಲಿ ಮೆಟ್ಟಿದಳು. ಅಂಚೆ ಪೆಟ್ಟಿಗೆಯವರೆಗೂ ಜೊತೆಗೆ ಬಂದಳು.


ಮಾರ್ಚ್ ೫

ಮೇಷ್ಟ್ರೆ,

ಆ ಅಧಿಕಾರಿಯೇ ಮತ್ತೆ ಬಂದರು, ಈ ಸಲ ಹನ್ನೆರಡು ಗಂಟೆಗೆ. ಅರ್ಧ ಗಂಟೆ ಬೆಂಚಿನ ಮೇಲೆ ಮಕ್ಕಳ ಜೊತೆ ಕೂತು ಬಾವುಟ ನೋಡುತ್ತಿದ್ದರು. ಇಳಿಯಿತು. ನಲವತ್ತೊಂದು ಜನರೂ ಹಾಡಿದರು, ಹನ್ನೊಂದು ಹಾಡು. ಕಾರಿನ ಡ್ರೈವರ್ ಕಿಟಕಿಗೆ ಬಂದು ನಿಂತ.

ಪಾಠ ಉಳಿಯಿತು. ಸದ್ಯಕ್ಕೆ ಒಂದು ವರ್ಷ, ಆಮೇಲೆ ನೋಡೋಣ ಅಂದಿದ್ದಾರೆ. ಆದೇಶದಲ್ಲಿ "ಪಾಠದ ಸಮಯ: ಯಾರ್ಡಿನವರು ತಿಳಿಸಿದಂತೆ" ಎಂದಿದೆ. ಹೆಡ್‌ಮೇಡಂ ಅದನ್ನು ಕಟ್ಟು ಹಾಕಿಸಿದ್ದಾರೆ. ರೈಲ್ವೆಯವರು ಮಾತ್ರ ಹಳೆಯ ಕಡತ ಸಿಗುತ್ತಿಲ್ಲ ಎಂದು ಗೇಟಿನವರಿಗೆ ಬರೆದಿದ್ದಾರೆ. ಗೇಟಿನವರು ಆ ಕಾಗದವನ್ನು ನನಗೆ ತೋರಿಸಿದರು. ರೈಲ್ವೆ ಕಚೇರಿಯವರು ನಿಮ್ಮ ಪತ್ರದ ಪ್ರತಿಯನ್ನೂ ಅವರಿಗೆ ಓದಿ ಹೇಳಿದ್ದಾರೆ, ಅವರಿಗೆ ಎಲ್ಲ ಗೊತ್ತು. ಈಗಲೂ ಕೇಳುವುದು ಅದನ್ನೇ, "ಮೇಷ್ಟ್ರು ಹೇಗಿದಾರೆ?"

ಇನ್ನು ನಾನು ಉತ್ತರ ಹೇಳುವುದಿಲ್ಲ. ನೀವೇ ಬನ್ನಿ.


ಮಾರ್ಚ್ ೨೬

ಅಮ್ಮಾ,

ನಿನ್ನೆ ತಿರುಗಿ ತಂಗಿಯ ಊರು ಮುಟ್ಟಿದೆ. ನಿಮ್ಮನ್ನೂ ಮಕ್ಕಳನ್ನೂ ನೋಡಿದ ಮೇಲೆ ಗೇಟಿಗೆ ಒಬ್ಬನೇ ಹೋಗುತ್ತೇನೆ ಅಂದಿದ್ದೆ. ಅಲ್ಲಿ ಏನಾಯಿತೆಂದು, ನನ್ನನ್ನು ಕಳಿಸಲು ಸ್ಟೇಷನ್ನಿಗೆ ಬಂದಾಗ ನೀವು ಕೇಳಲಿಲ್ಲ. ಕೇಳುವುದನ್ನೇ ಬಿಟ್ಟಿರಾ ಎಂದು ಆಶ್ಚರ್ಯವಾಯಿತು. ಈಗ ಬರೆಯುತ್ತೇನೆ.

ಅವನು ಗೇಟು ಹಾಕಿ ನಿಂತಿದ್ದ. ಗೂಡ್ಸ್ ಗಾಡಿ ಹೋಗುವವರೆಗೂ ಅವನ ಪಕ್ಕದಲ್ಲೇ ನಿಂತೆ. ಉದ್ದದ ಗಾಡಿ. ಹೋದ ಮೇಲೆ ನಾನು ಹೇಳಬೇಕೆಂದುಕೊಂಡು ಹೋದದ್ದರಲ್ಲಿ ಅರ್ಧ ಹೇಳಿದೆ. ಅವನು ನನ್ನನ್ನು ತನ್ನ ಸ್ಟೂಲಿನ ಮೇಲೆ ಕೂರಿಸಿದ.

"ಒಂದು ಮಾತು ಕೇಳ್ಬೇಕು ಅಂತ ಮೂವತ್ತು ವರ್ಷದಿಂದ ಕಾದಿದೀನಿ" ಎಂದ. ಕೇಳು ಎಂದೆ. ಏನನ್ನು ಕೇಳುತ್ತಾನೆಂದು ನನಗೆ ಗೊತ್ತಿದೆ ಅಂದುಕೊಂಡಿದ್ದೆ.

"ಅವತ್ತಿಂದ ಮಕ್ಕಳ ಹಾಡು ಯಾಕ್ ನಿಲ್ಲಿಸಿಬಿಟ್ರಿ?"

ನಾನು ಅವನ ಕೈ ನೋಡಿದೆ. ಅವನೂ ನೋಡಿಕೊಂಡ.

"ಇದಾ? ಕರೆಯಲ್ಲಿ ಒಂಚೂರು ತಪ್ಪಿದ್ದಿದ್ರೂ ನಮ್ಮ ಗ್ಯಾಂಗಿನ ಕೈ ಒಟ್ಟಿಗೆ ಏಳ್ತಾನೇ ಇರಲಿಲ್ಲ ಮೇಷ್ಟ್ರೆ" ಎಂದ. "ಅಷ್ಟು ಚೆನ್ನಾಗಿ ಕಲಿಸಿದ್ರಿ ನೀವು."

ನನ್ನ ಪಾಠಕ್ಕೆ ಮೂವತ್ತೊಂದು ವರ್ಷದಲ್ಲಿ ಸಿಕ್ಕ ಒಂದೇ ಒಂದು ಹೊಗಳಿಕೆ ಅದು. ಎಲ್ಲಿ ಇಟ್ಟುಕೊಳ್ಳಲಿ ಅಮ್ಮಾ, ಹೇಳಿ.